ಬ್ಯಾಡ್ಜ್ ಸಿಕ್ಕಿತು, ಅಧಿಕಾರ ಯಾರ ಮೇಲೆ?

ಪ್ರಶ್ನೆ: 1912ರ ಲಾಸ್ ಏಂಜಲೀಸ್‌ನಲ್ಲಿ ನಡೆಯುವ ಒಂದು ಕಾದಂಬರಿ ಬರೆಯುತ್ತಿದ್ದೇನೆ. ನಾಯಕಿ ಆ ಊರಿನ ಆರಂಭದ ಮಹಿಳಾ ಪೊಲೀಸರಲ್ಲಿ ಒಬ್ಬಳು. ಮೊದಲ ಅಧ್ಯಾಯದಲ್ಲೇ ಅವಳು ರಿವಾಲ್ವರ್ ಹಿಡಿದು, ಬ್ಯಾಂಕ್ ದರೋಡೆಕೋರನನ್ನು ಛಾವಣಿಯಿಂದ ಛಾವಣಿಗೆ ಅಟ್ಟಿಸಿಕೊಂಡು ಹೋಗುತ್ತಾಳೆ. ಓದಿದ ಗೆಳತಿ "ಆಗ ಹೀಗೆಲ್ಲ ಇರಲಿಲ್ಲ" ಅಂದಳು. ಹಾಗಾದರೆ ಅವರು ನಿಜವಾಗಿ ಮಾಡುತ್ತಿದ್ದ ಕೆಲಸ ಏನು? ಓಟ, ಹೊಡೆದಾಟ ತೆಗೆದರೆ ಕಥೆಯಲ್ಲಿ ಏನು ಉಳಿಯುತ್ತದೆ? ಚರಿತ್ರೆಯ ವ್ಯಕ್ತಿಗಳನ್ನು ಕಥೆಯೊಳಗೆ ತರಬಹುದಾ? ಅಮೆರಿಕದ ಕಥೆಯನ್ನು ಕನ್ನಡದಲ್ಲಿ ಹೇಳುವಾಗ ಮಾತು ಹೇಗಿರಬೇಕು?

ಉತ್ತರ: ನಿಮ್ಮ ಗೆಳತಿ ಹೇಳಿದ್ದು ಸರಿ. ಹಾಗಂತ ಬೇಜಾರು ಮಾಡಿಕೊಳ್ಳಬೇಡಿ. ಛಾವಣಿ ಮೇಲಿನ ಓಟ ತೆಗೆದರೆ ಕಾದಂಬರಿ ಬಡವಾಗುವುದಿಲ್ಲ. ಅದರ ಅಡಿಯಲ್ಲಿ ಇನ್ನೂ ದೊಡ್ಡ ಕಥೆ ಮುಚ್ಚಿಹೋಗಿದೆ. ಈ ವಿಷಯದ ಮೇಲೆ ಬರೆದ ಹಸ್ತಪ್ರತಿಗಳನ್ನು ನಾನು ಸುಮಾರು ಓದಿದ್ದೇನೆ. ಹೆಚ್ಚಿನವು ಎಡವುವುದು ಒಂದೇ ಜಾಗದಲ್ಲಿ. "ಅವಳಿಗೆ ಅಧಿಕಾರ ಇತ್ತಾ, ಇಲ್ವಾ" ಅಂತ ಬರೆಯುವವರು ಕೇಳಿಕೊಳ್ಳುತ್ತಾರೆ. ಇತ್ತು ಅಂತ ಗೊತ್ತಾದ ಕೂಡಲೇ ಅವಳ ಕೈಗೆ ರಿವಾಲ್ವರ್ ಕೊಟ್ಟುಬಿಡುತ್ತಾರೆ. ಕೇಳಬೇಕಾದ್ದು ಬೇರೆ: ಅಧಿಕಾರ ಸಿಕ್ಕಿದ್ದು ಯಾರ ಮೇಲೆ? ಈ ಒಂದು ಪ್ರಶ್ನೆಯನ್ನು ಮೇಜಿನ ಮುಂದೆ ಅಂಟಿಸಿಕೊಂಡು ಬರೆಯಿರಿ.

ನಿಮ್ಮ ಕಾದಂಬರಿಯ ಊರಿನಿಂದಲೇ ಶುರು ಮಾಡೋಣ. 1910ರ ಸೆಪ್ಟೆಂಬರ್‌ನಲ್ಲಿ ಆಲಿಸ್ ಸ್ಟೆಬಿನ್ಸ್ ವೆಲ್ಸ್ ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಗೆ ಸೇರಿದರು. ಅದಕ್ಕೂ ಮೊದಲು ಅವರು ಚರ್ಚ್‌ಗಳಲ್ಲಿ ಕೆಲಸ ಮಾಡಿದವರು. ಈ ಕೆಲಸವನ್ನು ಯಾರೂ ಮನೆಗೆ ಬಂದು ಕೊಡಲಿಲ್ಲ. ಊರಿನ ನೂರು ಜನ ಪ್ರಮುಖರ ಸಹಿ ಹಾಕಿಸಿ, ಮನವಿ ಕೊಟ್ಟು, ತಾವೇ ಕೇಳಿ ಪಡೆದರು. ಇಲಾಖೆ ಅವರಿಗೆ ಕೊಟ್ಟದ್ದು ಇಷ್ಟು: ಬೀದಿಯಲ್ಲಿದ್ದ ಪೊಲೀಸ್ ಟೆಲಿಫೋನ್ ಪೆಟ್ಟಿಗೆಯ ಬೀಗದ ಕೈ, ನಿಯಮಗಳ ಪುಸ್ತಕ, ಪ್ರಥಮ ಚಿಕಿತ್ಸೆಯ ಪುಸ್ತಕ, ಒಂದು ಬ್ಯಾಡ್ಜ್. ಬಂದೂಕೂ ಇಲ್ಲ, ದೊಣ್ಣೆಯೂ ಇಲ್ಲ. ಸಮವಸ್ತ್ರವನ್ನು ತಾವೇ ಯೋಚಿಸಿ, ತಾವೇ ಹೊಲಿದುಕೊಂಡರು. ನೆಲ ಮುಟ್ಟುವ ಉದ್ದದ ಲಂಗ, ಮೇಲೊಂದು ಜಾಕೆಟ್.

ಈ ಪಟ್ಟಿಯನ್ನು ಸುಮ್ನೆ ಓದಿ ಮುಂದೆ ಹೋಗಬೇಡಿ. ಬೀಗದ ಕೈಯನ್ನೇ ತೆಗೆದುಕೊಳ್ಳಿ. ಆಗ ಪೊಲೀಸರ ಬಳಿ ವೈರ್‌ಲೆಸ್ ಇರಲಿಲ್ಲ. ಬೀಟ್‌ನಲ್ಲಿ ಇರುವವರಿಗೆ ಠಾಣೆಯ ಜೊತೆ ಮಾತಾಡಲು ಬೀದಿ ಮೂಲೆಯ ಆ ಪೆಟ್ಟಿಗೆಯೇ ಗತಿ. ನಿಮ್ಮ ನಾಯಕಿ ಒಂದು ಕೈಯಲ್ಲಿ ಅಳುತ್ತಿರುವ ಹುಡುಗಿಯ ಮೊಣಕೈ ಹಿಡಿದಿದ್ದಾಳೆ ಅಂತ ಇಟ್ಟುಕೊಳ್ಳಿ. ಇನ್ನೊಂದು ಕೈಯಲ್ಲಿ ಕತ್ತಲಲ್ಲೇ ತಡಕಿ, ಬೀಗ ತೆರೆದು, ಫೋನ್ ಎತ್ತಿ, ಗಾಡಿ ಕಳಿಸಿ ಅನ್ನುತ್ತಾಳೆ. ಆ ಕಡೆಯವನು ಹೆಣ್ಣು ದನಿ ಕೇಳಿ "ಇದು ಪೊಲೀಸರ ಲೈನು, ಫೋನ್ ಇಡ್ರಿ" ಅಂದುಬಿಟ್ಟರೆ? ಅವಳು ಎಷ್ಟು ಹೊತ್ತು ಆ ಮೂಲೆಯಲ್ಲಿ ನಿಂತಿರಬೇಕು? ಅಷ್ಟು ಹೊತ್ತು ಆ ಹುಡುಗಿ ಏನು ಹೇಳುತ್ತಿರುತ್ತಾಳೆ? ದರೋಡೆಕೋರನ ಓಟದಲ್ಲಿ ಇಲ್ಲದ ಬಿಗಿ ಇದರಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ಫೋನಿನ ಮಾತು ನನ್ನ ಕಲ್ಪನೆ. ಆದರೆ ಅದರ ಅಣ್ಣನಂಥ ಒಂದು ಘಟನೆ ನಿಜಕ್ಕೂ ನಡೆದದ್ದಾಗಿ ಪ್ರಸಿದ್ಧವಾಗಿದೆ. ಪೊಲೀಸರಿಗೆ ಟ್ರಾಮ್‌ನಲ್ಲಿ ಟಿಕೆಟ್ ಬೇಕಿರಲಿಲ್ಲ, ಬ್ಯಾಡ್ಜ್ ತೋರಿಸಿದರೆ ಸಾಕಿತ್ತು. ವೆಲ್ಸ್ ತಮ್ಮ ಬ್ಯಾಡ್ಜ್ ತೋರಿಸಿದಾಗ ಕಂಡಕ್ಟರ್ ನಂಬಲಿಲ್ಲ. ಗಂಡನ ಬ್ಯಾಡ್ಜನ್ನು ದುರುಪಯೋಗ ಮಾಡುತ್ತಿದ್ದೀರಿ ಅಂತ ಆರೋಪಿಸಿದ. ಆಮೇಲೆ ಇಲಾಖೆ ಅವರಿಗೆ "ಪೊಲೀಸ್‌ವುಮನ್" ಅಂತ ಕೆತ್ತಿದ ಹೊಸ ಬ್ಯಾಡ್ಜ್ ಕೊಟ್ಟಿತು. ಅದರ ನಂಬರ್ ಒಂದು. ಇದನ್ನು ಎಲ್ಲರೂ ತಮಾಷೆಯ ಪ್ರಸಂಗದಂತೆ ಹೇಳುತ್ತಾರೆ. ನನಗೆ ಅದರಲ್ಲಿ ನಗು ಬರುವುದಿಲ್ಲ. ತುಂಬಿದ ಟ್ರಾಮ್‌ನಲ್ಲಿ, ಎಲ್ಲರ ಎದುರು, ಕಳ್ಳಿ ಅನ್ನಿಸಿಕೊಂಡು ನಿಂತ ಆ ಎರಡು ನಿಮಿಷ ಹೇಗಿದ್ದಿರಬೇಕು ಅಂತ ಯೋಚನೆ ಬರುತ್ತದೆ.

ಇನ್ನು ಕೆಲಸ. ವೆಲ್ಸ್ ಕಾವಲು ಕಾಯಬೇಕಾಗಿದ್ದ ಜಾಗಗಳು ಯಾವುವು ಗೊತ್ತಾ? ಡ್ಯಾನ್ಸ್ ಹಾಲ್‌ಗಳು, ಸ್ಕೇಟಿಂಗ್ ಅಂಗಳಗಳು, ಆಗಷ್ಟೇ ಹುಟ್ಟಿದ್ದ ಸಿನಿಮಾ ಮಂದಿರಗಳು, ಪಾರ್ಕುಗಳು. ಕಾಣೆಯಾದವರನ್ನು ಹುಡುಕಬೇಕು. ಹೆಂಗಸರಿಗೆ ಅಪಾಯವಿಲ್ಲದ ಮನರಂಜನೆ ಸಿಗುತ್ತಿದೆಯಾ ಅಂತ ನೋಡಬೇಕು. ಅವರು ಸೇರಿದ ಮೇಲೆ ಎಳೆಯ ಹುಡುಗಿಯರನ್ನು ಗಂಡು ಪೊಲೀಸರು ವಿಚಾರಣೆ ಮಾಡಬಾರದು, ಆ ಕೆಲಸ ಮಹಿಳಾ ಪೊಲೀಸರದ್ದೇ ಅನ್ನುವ ಆದೇಶವೂ ಇಲಾಖೆಯಲ್ಲಿ ಬಂತು. ಆ ಆದೇಶವನ್ನು ಹಗುರವಾಗಿ ನೋಡಬೇಡಿ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹದಿನಾಲ್ಕರ ಹುಡುಗಿ ಅಲ್ಲಿಯವರೆಗೆ ಯಾರ ಮುಂದೆ, ಎಂಥ ಕೋಣೆಯಲ್ಲಿ ಕೂತು ಹೇಳಿಕೆ ಕೊಡುತ್ತಿದ್ದಳು ಅಂತ ಒಂದು ಸಲ ಕಣ್ಣ ಮುಂದೆ ತಂದುಕೊಳ್ಳಿ.

ಊರಿಗೆ ಇದೆಲ್ಲ ಯಾಕೆ ಬೇಕಾಯಿತು? 1900ರಲ್ಲಿ ಲಾಸ್ ಏಂಜಲೀಸ್‌ನ ಜನಸಂಖ್ಯೆ 1,02,479. 1910ಕ್ಕೆ 3,19,198. ಹತ್ತೇ ವರ್ಷದಲ್ಲಿ ಮೂರು ಪಟ್ಟು. ಅಂಗಡಿ, ಆಫೀಸು, ಕಾರ್ಖಾನೆಗಳಿಗೆ ಹುಡುಗಿಯರು ಒಬ್ಬೊಬ್ಬರೇ ರೈಲು ಹತ್ತಿ ಬರುತ್ತಿದ್ದರು. ಅಮ್ಮ ಇಲ್ಲ, ಅಣ್ಣ ಇಲ್ಲ, ಕೈಯಲ್ಲಿ ತಾವೇ ದುಡಿದ ಸಂಬಳ. ಶನಿವಾರ ರಾತ್ರಿ ಡ್ಯಾನ್ಸ್ ಹಾಲ್. ಈ ಹುಡುಗಿಯರನ್ನು ಕಂಡು ಊರಿನ ದೊಡ್ಡವರಿಗೆ ಭಯವಾಯಿತು. ಆ ಭಯದಲ್ಲಿ ಎರಡು ಬೇರೆ ಬೇರೆ ವಿಷಯಗಳು ಬೆರೆತಿದ್ದವು: ಅವರಿಗೆ ಏನಾದರೂ ಆಗಿಬಿಟ್ಟರೆ ಅನ್ನುವುದು ಒಂದು, ಅವರು ಏನಾದರೂ ಮಾಡಿಬಿಟ್ಟರೆ ಅನ್ನುವುದು ಇನ್ನೊಂದು. ಆರಂಭದ ಮಹಿಳಾ ಪೊಲೀಸರನ್ನು ನೇಮಿಸಿದ್ದು ಈ ಎರಡೂ ಭಯಗಳು ಕೂಡಿ. ಬರೀ ಮೊದಲನೆಯದನ್ನು ಬರೆದರೆ ನಿಮ್ಮ ನಾಯಕಿ ದೇವತೆಯಾಗುತ್ತಾಳೆ. ಬರೀ ಎರಡನೆಯದನ್ನು ಬರೆದರೆ ರಾಕ್ಷಸಿಯಾಗುತ್ತಾಳೆ. ಒಂದೇ ರಾತ್ರಿ, ಒಂದೇ ಹುಡುಗಿಯ ವಿಷಯದಲ್ಲಿ ಅವಳು ಎರಡೂ ಆಗಿರಬೇಕು.

ಹೀಗೆ ಯೋಚಿಸಿ. ಡ್ಯಾನ್ಸ್ ಹಾಲ್‌ನಲ್ಲಿ ಹದಿನಾರರ ಹುಡುಗಿ. ಕಾಲಿಗೆ ಬಿಗಿಯಾದ ಹೊಸ ಬೂಟು, ಹಿಮ್ಮಡಿ ಸುಲಿದಿದೆ, ಆದರೂ ಕುಣಿಯುತ್ತಿದ್ದಾಳೆ. ಜೊತೆಗಿರುವವನಿಗೆ ಮೂವತ್ತು ದಾಟಿದೆ, ಅವಳ ಗ್ಲಾಸಿಗೆ ಮತ್ತೆ ಮತ್ತೆ ಸುರಿಯುತ್ತಿದ್ದಾನೆ. ನಿಮ್ಮ ನಾಯಕಿ ಗೋಡೆ ಪಕ್ಕ ನಿಂತು ನೋಡುತ್ತಿದ್ದಾಳೆ. ಅವನ ಮುಖ ಅವಳಿಗೆ ಗೊತ್ತು. ಎದ್ದು ಹೋಗಿ ಹುಡುಗಿಯ ಮೊಣಕೈ ಹಿಡಿಯುತ್ತಾಳೆ. ಆ ಕ್ಷಣದಲ್ಲಿ ಅವಳು ಆ ಹುಡುಗಿಯನ್ನು ಉಳಿಸಿದ್ದಾಳೆ. ಮುಂದೇನು? ಆ ಗಂಡಸು ಟೋಪಿ ಎತ್ತಿಕೊಂಡು ಹೊರಟುಹೋಗುತ್ತಾನೆ. ಹುಡುಗಿ ಠಾಣೆಗೆ. ಅಲ್ಲಿಂದ ಬಾಲಾಪರಾಧಿಗಳ ಕೋರ್ಟಿಗೆ, ಅಲ್ಲಿಂದ ಸುಧಾರಣಾ ಶಾಲೆಗೆ ಹೋದರೂ ಹೋದಳೇ. ಆ ಕಾಲದ ಆ ಕೋರ್ಟುಗಳ ಮುಂದೆ ನಿಲ್ಲಲು ಹುಡುಗಿ ಏನನ್ನೂ ಕದಿಯಬೇಕಿರಲಿಲ್ಲ. ಮನೆ ಬಿಟ್ಟು ಬಂದಿದ್ದರೆ ಸಾಕು, ರಾತ್ರಿ ತಡವಾಗಿ ಹೊರಗಿದ್ದರೆ ಸಾಕು, "ದಾರಿ ತಪ್ಪುತ್ತಿದ್ದಾಳೆ" ಅಂತ ಯಾರಾದರೂ ಹೇಳಿದರೆ ಸಾಕು. ಉಳಿಸಿದ ಕೈಯೇ ಅವಳನ್ನು ಒಳಗೆ ಹಾಕಿತು. ನಿಮ್ಮ ಕಾದಂಬರಿ ಇಲ್ಲಿದೆ.

ಇದು ನಾನು ಈಗಿನ ಕಣ್ಣಿನಿಂದ ನೋಡಿ ಹೇಳುತ್ತಿರುವ ಟೀಕೆ ಅಂದುಕೊಳ್ಳಬೇಡಿ. ಆಗಲೇ, ಆ ಹೆಂಗಸರ ನಡುವೆಯೇ ಇದರ ಮೇಲೆ ಜಗಳ ಆಗಿದೆ. ಇಂಗ್ಲೆಂಡ್‌ನ ಕಥೆ ನೋಡಿ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದಾಗ ನೀನಾ ಬಾಯ್ಲ್ ಮತ್ತು ಮಾರ್ಗರೆಟ್ ಡೇಮರ್ ಡಾಸನ್ ಸೇರಿ ಮಹಿಳಾ ಪೊಲೀಸ್ ಸ್ವಯಂಸೇವಕರ ಪಡೆ ಕಟ್ಟಿದರು. ಬಾಯ್ಲ್ ಹೆಣ್ಣುಮಕ್ಕಳ ಮತದ ಹಕ್ಕಿಗೆ ಹೋರಾಡಿ ಜೈಲಿಗೆ ಹೋಗಿ ಬಂದವರು. ಕೋರ್ಟು, ಲಾಕಪ್ಪುಗಳಲ್ಲಿ ಹೆಂಗಸರನ್ನು ಗಂಡಸರೇ ನಡೆಸಿಕೊಳ್ಳುವ ರೀತಿಯನ್ನು ಕಣ್ಣಾರೆ ಕಂಡವರು. ಡೇಮರ್ ಡಾಸನ್ ಬೆಲ್ಜಿಯಂನಿಂದ ಓಡಿಬಂದ ನಿರಾಶ್ರಿತರನ್ನು ಎದುರುಗೊಳ್ಳಲು ರೈಲು ನಿಲ್ದಾಣಕ್ಕೆ ಹೋಗುತ್ತಿದ್ದರು. ಅಲ್ಲಿ ಹುಡುಗಿಯರನ್ನು ಸೆಳೆದುಕೊಂಡು ಹೋಗಲು ದಲ್ಲಾಳಿಗಳು ಕಾದು ನಿಂತಿರುವುದನ್ನು ನೋಡಿದವರು. ಇಬ್ಬರ ಉದ್ದೇಶವೂ ಒಳ್ಳೆಯದೇ. ಗ್ರ್ಯಾಂಥಮ್ ಅನ್ನುವ ಊರಿನ ಪಕ್ಕ ದೊಡ್ಡ ಸೈನಿಕ ಶಿಬಿರ ಬಂತು. ಅಲ್ಲಿನ ಸೇನಾಧಿಕಾರಿ ರಾತ್ರಿ ಹೊತ್ತು ಹೆಂಗಸರು ಹೊರಗೆ ಬರಬಾರದು ಅಂತ ಕರ್ಫ್ಯೂ ಹಾಕಿದ. ಸೈನಿಕರಿಗಲ್ಲ, ಹೆಂಗಸರಿಗೆ. ಅದನ್ನು ಜಾರಿ ಮಾಡಲು ಈ ಮಹಿಳಾ ಪೊಲೀಸರು ನೆರವಾದರು. ಬಾಯ್ಲ್ ಸಿಡಿದೆದ್ದರು. ಹೆಂಗಸರನ್ನು ಕಾಯಲು ಕಟ್ಟಿದ ಪಡೆ ಹೆಂಗಸರನ್ನೇ ಕೂಡಿಹಾಕುವುದಾ ಅನ್ನುವುದು ಅವರ ತಕರಾರು. 1915ರಲ್ಲಿ ಪಡೆ ಒಡೆಯಿತು. ಬಹುಪಾಲು ಜನ ನಿಂತದ್ದು ಡೇಮರ್ ಡಾಸನ್ ಪಕ್ಷದಲ್ಲಿ. ಪೊಲೀಸರ ಜೊತೆ ಸಹಕರಿಸಿದರೆ ಮಾತ್ರ ಒಳಗೆ ಜಾಗ ಸಿಗುತ್ತದೆ ಅಂತ ಅವರ ನಂಬಿಕೆ.

ಯಾರ ಮಾತು ಸರಿ? ನನ್ನ ಮನಸ್ಸು ಬಾಯ್ಲ್ ಕಡೆಗಿದೆ. ಆದರೆ ಕಾದಂಬರಿ ಬರೆಯುವವರು ಡೇಮರ್ ಡಾಸನ್ ಅವರ ಮನಸ್ಸಿನೊಳಗೂ ಹೋಗಿ ಕೂರಬೇಕು. ಆ ರೈಲು ನಿಲ್ದಾಣವನ್ನು ನೋಡಿದ ಮೇಲೆ, ಒಂದು ಹುಡುಗಿ ಉಳಿಯಲಿ ಅಂತ ನೂರು ಹುಡುಗಿಯರನ್ನು ಮನೆಯಲ್ಲಿ ಕೂರಿಸಿದರೂ ಪರವಾಗಿಲ್ಲ ಅಂತ ಅನ್ನಿಸಿದ್ದರೆ ಅದು ನಮಗೆ ಅರ್ಥವಾಗದ ಮನಸ್ಸೇನಲ್ಲ, ಅಲ್ವಾ? ನಿಮ್ಮ ನಾಯಕಿಗೆ ಒಬ್ಬ ಗೆಳತಿಯನ್ನು ಕೊಡಿ. ಇಬ್ಬರೂ ಒಟ್ಟಿಗೆ ಶುರು ಮಾಡಲಿ. ಎಲ್ಲೋ ಒಂದು ಕಡೆ ಈ ಬಿರುಕು ಬರಲಿ. ಅದಕ್ಕೆ ಖಳನಾಯಕ ಬೇಕೇ ಇಲ್ಲ.

ಆಸ್ಟ್ರೇಲಿಯಾದ ಕೇಟ್ ಕಾಕ್ಸ್ ಅವರನ್ನೂ ಒಂದು ಸಾಲಿನಲ್ಲಿ ನೆನಪಿಡಿ. 1915ರ ಡಿಸೆಂಬರ್‌ನಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಕೆಲಸಕ್ಕೆ ಸೇರಿದರು. ಗಂಡಸರಷ್ಟೇ ಸಂಬಳ, ಆ ಕಾಲಕ್ಕೆ ಅದು ಅಪರೂಪ. ಉದ್ದನೆಯ ಬೆತ್ತ ಹಿಡಿದು ಪಾರ್ಕುಗಳಲ್ಲಿ ತಿರುಗುತ್ತಾ, ಅಂಟಿಕೊಂಡು ಕೂತ ಜೋಡಿಗಳಿಗೆ ಮೂರಡಿ ದೂರ ಕೂರಿ ಅಂತ ಹೇಳುತ್ತಿದ್ದರು ಅನ್ನುವುದು ಅವರ ಬಗ್ಗೆ ಎಲ್ಲರೂ ಹೇಳುವ ಮಾತು. ಸಮಾನ ವೇತನ ಮತ್ತು ಆ ಬೆತ್ತ, ಎರಡೂ ಒಬ್ಬರ ಕೈಯಲ್ಲೇ.

ಕಾಯುವ ಕೆಲಸ ಸ್ವಚ್ಛವಾಗಿ ಕಾಣುವ ಜಾಗವೂ ಇದೆ. ಷಿಕಾಗೋದ ಮೇರಿ ಓವೆನ್ಸ್ ಕೆನಡಾದಿಂದ ಬಂದವರು. ಗಂಡ ಟೈಫಾಯ್ಡ್‌ನಲ್ಲಿ ತೀರಿಕೊಂಡರು, ಮನೆಯಲ್ಲಿ ಐದು ಮಕ್ಕಳು. 1889ರಲ್ಲಿ ನಗರದ ಆರೋಗ್ಯ ಇಲಾಖೆಯಲ್ಲಿ ಕಾರ್ಖಾನೆ ತಪಾಸಣೆಯ ಕೆಲಸ ಸಿಕ್ಕಿತು. 1891ರಲ್ಲಿ ಪೊಲೀಸ್ ಇಲಾಖೆಗೆ ಬಂದರು, ಸಾರ್ಜೆಂಟ್ ದರ್ಜೆಯಲ್ಲಿ, ಬಂಧಿಸುವ ಅಧಿಕಾರದೊಂದಿಗೆ. ಕಾರ್ಖಾನೆಗಳಿಗೆ ನುಗ್ಗಿ ಎಳೆಯ ಮಕ್ಕಳನ್ನು ಯಂತ್ರಗಳಿಂದ ಬಿಡಿಸುವುದು ಅವರ ಕೆಲಸ. ಮೂವತ್ತಕ್ಕೂ ಜಾಸ್ತಿ ವರ್ಷ ಇದನ್ನೇ ಮಾಡಿ 1923ರಲ್ಲಿ ನಿವೃತ್ತರಾದರು. ಇಲ್ಲೂ ಒಂದು ಕಷ್ಟ ಇದೆ. ಮಗು ಕೆಲಸ ಬಿಟ್ಟರೆ ಆ ಮನೆಯ ಒಲೆ ಉರಿಯುವುದು ಹೇಗೆ? ಓವೆನ್ಸ್ ತಾವೇ ಐದು ಮಕ್ಕಳ ವಿಧವೆ. ಆ ತಾಯಂದಿರ ಮುಖ ನೋಡಿದಾಗ ಅವರಿಗೆ ಏನು ಅನ್ನಿಸಿರಬೇಕು ಅಂತ ಕಲ್ಪಿಸಲು ಜಾಸ್ತಿ ಕಷ್ಟಪಡಬೇಕಿಲ್ಲ.

ಈಗ ನಿಮ್ಮ ಬ್ಯಾಂಕ್ ದರೋಡೆಕೋರ. ಅವನನ್ನು ಪೂರ್ತಿ ಬಿಟ್ಟುಬಿಡಿ ಅನ್ನುತ್ತಿಲ್ಲ. ನಿಮ್ಮ ಕಥೆಯ ವರ್ಷದಲ್ಲೇ, 1912ರ ಫೆಬ್ರವರಿಯಲ್ಲಿ, ನ್ಯೂಯಾರ್ಕ್‌ನಲ್ಲಿ ಬ್ಯಾಂಕಿನ 25,000 ಡಾಲರ್ ಟ್ಯಾಕ್ಸಿಯಲ್ಲಿ ಹೋಗುತ್ತಿತ್ತು. ದರೋಡೆಕೋರರು ಹಾಡಹಗಲೇ ಟ್ಯಾಕ್ಸಿಗೆ ನುಗ್ಗಿ ಬ್ಯಾಂಕಿನವರನ್ನು ಹೊಡೆದು ಹಣ ದೋಚಿದರು. ನಗರದ ಪೊಲೀಸರಿಗೆ ದೊಡ್ಡ ಮುಖಭಂಗ. ಆ ಕೇಸು ಬಿಡಿಸಲು ನೆರವಾದವರು ಇಸಬೆಲಾ ಗುಡ್ವಿನ್. ಪೊಲೀಸನೊಬ್ಬನ ವಿಧವೆ, ನಾಲ್ಕು ಮಕ್ಕಳ ತಾಯಿ, 1896ರಿಂದ ಠಾಣೆಯಲ್ಲಿ ಹೆಣ್ಣು ಕೈದಿಗಳನ್ನು ನೋಡಿಕೊಳ್ಳುವ ಮೇಟ್ರನ್. ಅವರು ಓಡಲೂ ಇಲ್ಲ, ಗುಂಡು ಹಾರಿಸಲೂ ಇಲ್ಲ. ದರೋಡೆಕೋರರ ಗೆಳತಿಯರಿದ್ದ ಬಾಡಿಗೆ ಕೋಣೆಗಳ ಮನೆಗೆ ಕೆಲಸದವಳಾಗಿ ಸೇರಿಕೊಂಡರು. ನೆಲ ಒರೆಸಿದರು. ಬಾಗಿಲಾಚೆಯ ಮಾತು ಕೇಳಿಸಿಕೊಂಡರು. ಕಳ್ಳರು ಸಿಕ್ಕಿಬಿದ್ದರು, ಗುಡ್ವಿನ್ ನ್ಯೂಯಾರ್ಕ್‌ನ ಮೊದಲ ಮಹಿಳಾ ಪತ್ತೇದಾರರಾದರು.

ಇದರ ಗುಟ್ಟು ಏನು ನೋಡಿ. ಬಕೆಟ್ ಹಿಡಿದು ಮೆಟ್ಟಿಲು ಒರೆಸುವ ಹೆಂಗಸನ್ನು ಯಾರೂ ನೋಡುವುದಿಲ್ಲ. ಅವಳ ಎದುರಿಗೆ ಏನು ಬೇಕಾದರೂ ಮಾತಾಡುತ್ತಾರೆ. ಲೋಕ ಅವರನ್ನು ಲೆಕ್ಕಕ್ಕೆ ಇಟ್ಟುಕೊಳ್ಳದೇ ಇದ್ದದ್ದೇ ಅವರ ಆಯುಧವಾಯಿತು. ಎಷ್ಟೋ ವರ್ಷ ಠಾಣೆಯ ಕಾರಿಡಾರ್‌ಗಳಲ್ಲಿ ಯಾರ ಕಣ್ಣಿಗೂ ಬೀಳದಂತೆ ಓಡಾಡಿದವರಿಗೆ ಅದರ ಅಭ್ಯಾಸ ಚೆನ್ನಾಗಿಯೇ ಇತ್ತು. ನಿಮ್ಮ ನಾಯಕಿಯೂ ದರೋಡೆಕೋರನನ್ನು ಹಿಡಿಯಲಿ. ಆದರೆ ಮೊಣಕಾಲ ಮೇಲೆ ಕೂತು, ಕೈಯಲ್ಲಿ ಒದ್ದೆ ಬಟ್ಟೆ ಹಿಡಿದು ಹಿಡಿಯಲಿ. ಸೋಪು ನೀರಿನಲ್ಲಿ ಬೆರಳು ಬಿರಿದಿರಲಿ. ಅದೇ ನೀರಿಗೆ ಕೈ ಅದ್ದುವಾಗ ಒಳಗಿನಿಂದ ಅವಳಿಗೆ ಬೇಕಾಗಿದ್ದ ಹೆಸರು ಕೇಳಿಸಲಿ.

ಗಂಡು ಸಹೋದ್ಯೋಗಿಗಳ ಬಗ್ಗೆ ಒಂದು ಮಾತು. ನಿಮ್ಮ ಎರಡನೇ ಅಧ್ಯಾಯದಲ್ಲಿ ಹೀಗಳೆಯುವ ಸಾರ್ಜೆಂಟ್ ಬರುತ್ತಾನೆ ಅಂತ ಊಹಿಸುತ್ತೇನೆ. ಎಲ್ಲರ ಹಸ್ತಪ್ರತಿಯಲ್ಲೂ ಬರುತ್ತಾನೆ. ಬರಲಿ, ಬೇಡ ಅನ್ನುವುದಿಲ್ಲ. ಆದರೆ ಈ ಚರಿತ್ರೆಯಲ್ಲಿ ನಿಜವಾಗಿ ಚುಚ್ಚಿದ್ದು ಬಾಯಿಮಾತು ಅಲ್ಲ, ಕಾಗದ. ಲಿಲಿಯನ್ ಆರ್ಮ್‌ಫೀಲ್ಡ್ 1915ರಲ್ಲಿ ಸಿಡ್ನಿಯಲ್ಲಿ ಪೊಲೀಸ್ ಕೆಲಸಕ್ಕೆ ಸೇರಿದಾಗ ಇಲಾಖೆ ಅವರಿಂದ ಒಂದು ಕರಾರಿಗೆ ಸಹಿ ಹಾಕಿಸಿಕೊಂಡಿತು: ಕೆಲಸದಲ್ಲಿ ಪೆಟ್ಟಾದರೆ ಇಲಾಖೆ ಹೊಣೆಯಲ್ಲ. ಅವರು ಮೂವತ್ತು ವರ್ಷಕ್ಕೂ ಮೀರಿ ದುಡಿದು 1949ರಲ್ಲಿ ನಿವೃತ್ತರಾದರು. ಪದಕ ಬಂತು, ಪಿಂಚಣಿ ಬರಲಿಲ್ಲ. ಈಡಿತ್ ಸ್ಮಿತ್ 1915ರಲ್ಲಿ ಅದೇ ಗ್ರ್ಯಾಂಥಮ್‌ನಲ್ಲಿ ಬಂಧಿಸುವ ಪೂರ್ತಿ ಅಧಿಕಾರ ಪಡೆದರು, ಬ್ರಿಟನ್‌ನಲ್ಲಿ ಅಂಥ ಅಧಿಕಾರ ಸಿಕ್ಕ ಮೊದಲ ಮಹಿಳೆ. ಇತ್ತ ಬ್ರಿಟನ್ನಿನ ಗೃಹ ಇಲಾಖೆ, ಕಾನೂನಿನ ಕಣ್ಣಿನಲ್ಲಿ ಹೆಂಗಸರು ಈ ಹುದ್ದೆಗೆ ತಕ್ಕ "ವ್ಯಕ್ತಿ" ಅಲ್ಲ, ಅವರಿಗೆ ಪ್ರಮಾಣವಚನ ಬೋಧಿಸುವಂತಿಲ್ಲ ಅನ್ನುವ ನಿಲುವು ತೆಗೆದುಕೊಂಡಿತು. ಸ್ಮಿತ್ ವಾರದ ಏಳೂ ದಿನ ದುಡಿಯುತ್ತಿದ್ದರು. 1918ರ ಹೊತ್ತಿಗೆ ಆರೋಗ್ಯ ಕೆಟ್ಟು ಕೆಲಸ ಬಿಟ್ಟರು.

1919ರಲ್ಲಿ ಲಂಡನ್ ಬೀದಿಗೆ ಇಳಿದ ಮಹಿಳಾ ಪಹರೆಯವರ ಚಿತ್ರ ನನಗೆ ತುಂಬ ಇಷ್ಟ. ಆ ಪಹರೆಯ ಮುಖ್ಯಸ್ಥೆ ಸೋಫಿಯಾ ಸ್ಟ್ಯಾನ್ಲಿ. ಭಾರದ ಬೂಟು, ದಪ್ಪ ಬಟ್ಟೆಯ ಸಮವಸ್ತ್ರ, ಇಬ್ಬಿಬ್ಬರಾಗಿ ನಡೆಯಬೇಕು. ಬಂಧಿಸುವ ಅಧಿಕಾರ ಮಾತ್ರ ಇಲ್ಲ. ಹಿಂದೆ ಕೆಲವು ಗಜ ದೂರದಲ್ಲಿ ಇಬ್ಬರು ಗಂಡು ಪೊಲೀಸರು ಹಿಂಬಾಲಿಸುತ್ತಿದ್ದರು, ಇವರನ್ನು ಕಾಪಾಡಲು. ಆ ಹಿಂದಿನ ಇಬ್ಬರ ಬಗ್ಗೆ ಯೋಚಿಸಿ. ಅವರು ಕೆಟ್ಟವರಾಗಿರಬೇಕಿಲ್ಲ. ಚಳಿಯಲ್ಲಿ ಬೇಸರಪಟ್ಟುಕೊಂಡು ನಡೆಯುತ್ತಿದ್ದಿರಬಹುದು. ಒಬ್ಬನಿಗೆ ಅವರ ಮೇಲೆ ಗೌರವ ಹುಟ್ಟಿರಬಹುದು, ಇನ್ನೊಬ್ಬನಿಗೆ ತನ್ನ ಕೆಲಸಕ್ಕೆ ಕುತ್ತು ಬಂತು ಅನ್ನುವ ಭಯ ಇದ್ದಿರಬಹುದು. ಆ ಭಯಕ್ಕೆ ಆಧಾರ ಇರಲಿಲ್ಲ. 1922ರಲ್ಲಿ ಸರ್ಕಾರ ಖರ್ಚು ಕಡಿಮೆ ಮಾಡಲು ಹೊರಟಾಗ ಮೊದಲು ಕತ್ತರಿ ಬಿದ್ದದ್ದು ಈ ಹೆಂಗಸರ ಮೇಲೆಯೇ. ಸುಮಾರು ಇಪ್ಪತ್ತು ಜನ ಉಳಿದರು.

ಇನ್ನೊಂದು ವಿಷಯ ನಿಮ್ಮ ಕಥೆಗೆ ತುಂಬಾ ಹತ್ತಿರದ್ದು. ಕ್ಯಾಲಿಫೋರ್ನಿಯಾದ ಹೆಂಗಸರಿಗೆ ಮತದ ಹಕ್ಕು ಬಂದದ್ದು 1911ರ ಅಕ್ಟೋಬರ್‌ನಲ್ಲಿ. ಅಂದರೆ ವೆಲ್ಸ್ ಬ್ಯಾಡ್ಜ್ ಧರಿಸಿದ ದಿನ ಅವರಿಗೆ ಮತ ಹಾಕುವ ಹಕ್ಕು ಇರಲಿಲ್ಲ. ಅಲ್ಲಿನ ಜ್ಯೂರಿಯಲ್ಲಿ, ಅಂದರೆ ಕೋರ್ಟಿನಲ್ಲಿ ಕೂತು ತೀರ್ಪು ಹೇಳುವ ಹನ್ನೆರಡು ನಾಗರಿಕರ ಸಾಲಿನಲ್ಲಿ, ಕೂರುವ ಹಕ್ಕು ಬರಲು 1917 ಆಗಬೇಕಾಯಿತು. ನಿಮ್ಮ ನಾಯಕಿ 1912ರಲ್ಲಿ ಹುಡುಗಿಯೊಬ್ಬಳ ಪರವಾಗಿ ಸಾಕ್ಷಿ ಹೇಳಲು ಕಟಕಟೆ ಹತ್ತಿದರೆ, ಎದುರಿಗೆ ಕೂತಿರುವ ಹನ್ನೆರಡೂ ಮುಖ ಗಂಡಸರದ್ದು. ಇದನ್ನು ಪಾತ್ರದ ಬಾಯಲ್ಲಿ ಭಾಷಣವಾಗಿ ಹೇಳಿಸಬೇಡಿ. ಅವಳ ಕಣ್ಣು ಆ ಸಾಲಿನ ಮೇಲೆ ಒಂದು ಸಲ ಹಾಯಲಿ, ಸಾಕು.

ಮತ್ತೆ, ಇವರ ಕಥೆ ಬಿಳಿಯರದ್ದು ಮಾತ್ರ ಅಲ್ಲ. ಅದೇ ಲಾಸ್ ಏಂಜಲೀಸ್‌ನಲ್ಲಿ ಜಾರ್ಜಿಯಾ ಆನ್ ರಾಬಿನ್ಸನ್ 1916ರಲ್ಲಿ ಸಂಬಳವಿಲ್ಲದ ಸ್ವಯಂಸೇವಕಿಯಾಗಿ ಇಲಾಖೆಗೆ ಬಂದರು. 1919ರಲ್ಲಿ ಕಾಯಂ ಆದರು, ಆ ಇಲಾಖೆಯ ಮೊದಲ ಕಪ್ಪು ಮಹಿಳಾ ಪೊಲೀಸ್. 1928ರಲ್ಲಿ ಜಗಳವಾಡುತ್ತಿದ್ದ ಇಬ್ಬರು ಕೈದಿಗಳನ್ನು ಬಿಡಿಸಲು ಹೋಗಿ ತಲೆಗೆ ಪೆಟ್ಟು ಬಿದ್ದು ಕಣ್ಣು ಕಳೆದುಕೊಂಡರು. ನಿಮ್ಮ ಕಥೆ 1916 ದಾಟುವುದಾದರೆ ಇಂಥ ಒಬ್ಬರು ಅದರೊಳಗೆ ಇರಲೇಬೇಕು ಅಂತ ನನ್ನ ಅಭಿಪ್ರಾಯ. ಮೂಲೆಯ ಪಾತ್ರವಾಗಿ ಬೇಡ.

ಚರಿತ್ರೆಯ ವ್ಯಕ್ತಿಗಳನ್ನು ತರಬಹುದಾ ಅಂತ ಕೇಳಿದ್ದೀರಿ. ತರಬಹುದು. ಆದರೆ ಅವರ ತಲೆಯೊಳಗೆ ಹೋಗಬೇಡಿ. ವೆಲ್ಸ್ ನಿಮ್ಮ ನಾಯಕಿಯ ಎದುರು ಮೇಜಿನಲ್ಲಿ ಕೂತಿರಲಿ, ಮಾತಾಡಲಿ, ಊರೂರು ಸುತ್ತಿ ಭಾಷಣ ಮಾಡಲು ಪೆಟ್ಟಿಗೆ ಕಟ್ಟಲಿ. ಅದೆಲ್ಲ ಅವರ ಬದುಕಿನಲ್ಲಿ ಇತ್ತು. ಅವರು ಮಾಡದ ತಪ್ಪನ್ನಾಗಲಿ, ಹೇಳದ ರಹಸ್ಯವನ್ನಾಗಲಿ ಅವರ ಮೇಲೆ ಹೊರಿಸಬೇಡಿ. ತಪ್ಪು ಮಾಡುವ ಸ್ವಾತಂತ್ರ್ಯ ನಿಮ್ಮ ಕಲ್ಪನೆಯ ನಾಯಕಿಗೆ ಇರಲಿ. "ಮೊದಲ ಮಹಿಳಾ ಪೊಲೀಸ್" ಅನ್ನುವ ಪದವನ್ನೂ ಹುಷಾರಾಗಿ ಬಳಸಿ. ಷಿಕಾಗೋದಲ್ಲಿ 1891ರಲ್ಲಿ ಓವೆನ್ಸ್ ಇದ್ದರು. ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ 1903ರಲ್ಲಿ ಹೆನ್ರಿಯೆಟ್ ಆರೆಂಡ್ಟ್ ಇದ್ದರು. ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1908ರ ಏಪ್ರಿಲ್ 1ರಂದು ಲೋಲಾ ಬಾಲ್ಡ್ವಿನ್ ಪ್ರಮಾಣವಚನ ತೆಗೆದುಕೊಂಡಿದ್ದರು. ಓವೆನ್ಸ್ ಅವರನ್ನಂತೂ ಚರಿತ್ರೆ ಬರೆದವರು ಬೇರೊಬ್ಬ ಹೆಂಗಸಿನ ಜೊತೆ ಗೊಂದಲ ಮಾಡಿಕೊಂಡರು. ಯಾರೋ ಪೊಲೀಸನ ವಿಧವೆಗೆ ಕರುಣೆಯಿಂದ ಕೊಟ್ಟ ಕೆಲಸ ಅನ್ನುವಂತೆ ದಾಖಲೆಯಾಯಿತು. ಆ ತಪ್ಪನ್ನು ಬಿಡಿಸಿ ಅವರ ಹೆಸರನ್ನು ಹೊರಗೆ ತಂದದ್ದು ಈ ಶತಮಾನದಲ್ಲಿ, ನಿವೃತ್ತ ಫೆಡರಲ್ ಅಧಿಕಾರಿಯೊಬ್ಬರು.

ಕೊನೆಗೆ ಭಾಷೆ. ಇಲ್ಲಿ ಕನ್ನಡ ನಿಮಗೆ ಒಂದು ದೊಡ್ಡ ಅನುಕೂಲ ಮಾಡಿಕೊಟ್ಟಿದೆ, ಅದನ್ನು ಬಿಟ್ಟುಕೊಡಬೇಡಿ. ಮೊದಲು ಪದಗಳ ವಿಷಯ ಮುಗಿಸುತ್ತೇನೆ. ಪೇದೆ, ದಫೇದಾರ್, ಲಾಠಿ ಅಂತ ಬರೆದರೆ ಓದುವವರ ಕಣ್ಣ ಮುಂದೆ ನಮ್ಮ ಠಾಣೆ ಬಂದು ನಿಲ್ಲುತ್ತದೆ. ಸಾರ್ಜೆಂಟ್, ಕ್ಯಾಪ್ಟನ್, ದೊಣ್ಣೆ ಅನ್ನಿ. ಮೇಟ್ರನ್ ಅಂದರೆ ನಮಗೆ ಹಾಸ್ಟೆಲ್, ಆಸ್ಪತ್ರೆ ನೆನಪಾಗುತ್ತದೆ. ಹಾಗಾಗಿ ಮೊದಲ ಸಲ ಆ ಪದ ಬರುವಾಗ ಸೊಂಟದಲ್ಲಿ ಕೀಲಿಗೊಂಚಲು ಸಿಕ್ಕಿಸಿಕೊಂಡು, ಹೆಣ್ಣು ಕೈದಿಯ ಜೇಬು, ಜಡೆ ಹುಡುಕುತ್ತಿರುವ ಹೆಂಗಸನ್ನು ತೋರಿಸಿಬಿಡಿ. ಮೇಡಂ ಬೇಡವೇ ಬೇಡ, ಅದು ಇವತ್ತಿನ ಠಾಣೆಯ ಮಾತು. ಗಂಡಸರನ್ನೆಲ್ಲ "ಆಫೀಸರ್" ಅಂತ ಕರೆಯುವ ಸಾರ್ಜೆಂಟ್ ಅವಳನ್ನು ಮಾತ್ರ "ಮಿಸೆಸ್" ಅಂತ ಕರೆದರೆ ವಿಷಯ ಅಲ್ಲೇ ಗೊತ್ತಾಗುತ್ತದೆ.

ಆ ಅನುಕೂಲ ಯಾವುದು ಅಂದರೆ ನೀನು, ನೀವು. ಇಂಗ್ಲಿಷಿನಲ್ಲಿ ಎಲ್ಲರಿಗೂ ಒಂದೇ ಪದ. ಅಲ್ಲಿನ ಕಾದಂಬರಿಕಾರರು ಒಂದು ಪುಟ ಬರೆದು ಹೇಳಬೇಕಾದ್ದನ್ನು ನೀವು ಒಂದು ಅಕ್ಷರದಲ್ಲಿ ಹೇಳಬಹುದು. ಮೊದಲ ದಿನ ಸಾರ್ಜೆಂಟ್ ಅವಳಿಗೆ "ನೀವು" ಅನ್ನಲಿ, ಹೊರಗಿನಿಂದ ಬಂದ ಹೆಂಗಸಿಗೆ ಕೊಡುವ ದೂರದ ಮರ್ಯಾದೆ ಅದು. ತಿಂಗಳುಗಟ್ಟಲೆ ಜೊತೆಗೆ ದುಡಿದ ಮೇಲೆ, ಒಂದು ಕೆಟ್ಟ ರಾತ್ರಿ ಮುಗಿದ ಬೆಳಗಿನ ಜಾವ, ಅವನ ಬಾಯಲ್ಲಿ "ನೀನು ಮನೆಗೆ ಹೋಗು, ನಾನು ನೋಡ್ಕೋತೀನಿ" ಅಂತ ಬರಲಿ. ಅಲ್ಲಿ ಮರ್ಯಾದೆ ಕಡಿಮೆಯಾಗಿಲ್ಲ, ಅವಳು ಒಳಗಿನವಳಾಗಿದ್ದಾಳೆ. ಓದುವವರಿಗೆ ಯಾರೂ ವಿವರಿಸಬೇಕಿಲ್ಲ.

ಅವಳು ಹಿಡಿದು ತಂದ ಹುಡುಗಿಯರ ಜೊತೆ ಮಾತ್ರ ಲೆಕ್ಕ ಬೇರೆ. ನಾಯಕಿ ಅವರಿಗೆಲ್ಲ "ನೀನು" ಅನ್ನುತ್ತಾಳೆ, ಅಕ್ಕರೆಯಿಂದಲೇ. ಅವರೆಲ್ಲ ತಲೆ ತಗ್ಗಿಸಿ "ನೀವು" ಅನ್ನುತ್ತಾರೆ. ಕಾದಂಬರಿಯ ಮುಕ್ಕಾಲು ಭಾಗ ಹೀಗೇ ಹೋಗಲಿ. ಆಮೇಲೆ ಆ ಡ್ಯಾನ್ಸ್ ಹಾಲ್‌ನ ಹುಡುಗಿ ಸುಧಾರಣಾ ಶಾಲೆಯಿಂದ ವಾಪಸ್ ಬರಲಿ. ಈಗ ಅವಳಿಗೆ ಹದಿನೆಂಟು. ಕೂದಲು ಗಿಡ್ಡ ಮಾಡಿಸಿದ್ದಾರೆ, ಲಾಂಡ್ರಿಯ ಬಿಸಿನೀರಿಗೆ ಕೈ ಕೆಂಪಾಗಿದೆ. ನಾಯಕಿ ಅವಳನ್ನು ಬೀದಿಯಲ್ಲಿ ಕಂಡು, ಅದೇ ಹಳೆಯ ಅಕ್ಕರೆಯಿಂದ "ಹೇಗಿದ್ದೀಯಮ್ಮ" ಅಂತ ಮೊಣಕೈ ಮುಟ್ಟುತ್ತಾಳೆ. ಹುಡುಗಿ ಕೈ ಬಿಡಿಸಿಕೊಂಡು ಅವಳ ಮುಖವನ್ನೇ ನೋಡುತ್ತಾ, "ನೀನು ಯಾರು ಕೇಳೋಕೆ?" ಅನ್ನುತ್ತಾಳೆ. ನಾಯಕಿಯ ಉತ್ತರ ಬರೆಯುವ ಮೊದಲು ಒಂದು ವಾರ ಕಾಯಿರಿ. ಛಾವಣಿಯ ಅಧ್ಯಾಯ ಹರಿದು ಹಾಕಿ, ಈ ಅಧ್ಯಾಯ ಬರೆದು ಕಳಿಸಿ. ಓದಲು ನಾನು ಕಾಯುತ್ತಿರುತ್ತೇನೆ.